ಕೋಕ್-ದೋಬೋಗೆ ಬಾರದ ಎಚ್ಚರಿಕೆ

ಕೋಕ್-ದೋಬೋ ಹುಲ್ಲುಗಾವಲು
ಜೂನ್ 19

ಸೊಸೆಗೆ,

ನಾವು ಮೇಲೆ ಬಂದು ಸೇರಿದೆವು. ಗುಡಾರ ಎದ್ದು ನಿಂತಿದೆ. ದಾರಿಯುದ್ದಕ್ಕೂ ಸತಾಯಿಸಿದ ಕುದುರೆಗಳು ಹಸಿರು ಕಂಡ ಕೂಡಲೇ ಒಳ್ಳೆಯವಾದವು. ಕುದುರೆ ಹಾಲಿನ ಮೊದಲ ಕುಮಿಸ್‌ಗೆ ಇನ್ನೂ ಹುಳಿ ಸಾಲದು. ಒಂದು ಕ್ಯಾನು ಕಳಿಸಿದ್ದೇನೆ, ನಾಲ್ಕು ದಿನ ಇಟ್ಟು ಕುಡಿ. ಜೋಮಾರ್ತ್ ಹಿಟ್ಟಿನ ಚೀಲ ಮೇಲಕ್ಕೆ ತಂದು ಕುಮಿಸ್ ಕೆಳಕ್ಕೆ ಒಯ್ಯುವಾಗ ಈ ಕಾಗದವನ್ನೂ ಒಯ್ಯುತ್ತಾನೆ. ನನಗೆ ಮಗನಾಗಲಿ, ನಿನಗೆ ಗಂಡನಾಗಲಿ, ಮಡಿಚಿದ ಕಾಗದ ಬಿಚ್ಚಕೂಡದು ಎಂದು ಹೇಳಿದ್ದೇನೆ.

ಇಲ್ಲಿ ಫೋನಿನಲ್ಲಿ ಮಾತಾಡಿದರೆ ಅರ್ಧ ಮಾತು ಗಾಳಿಗೇ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಕಚೇರಿಯವರು ಹೇಳಿದಂತೆ ಗುಡಾರದ ಹಿಂದಿನ ದಿಬ್ಬದ ಮೇಲೆ ಕಂಬ ನೆಟ್ಟು, ಇಲ್ಲಿರುವ ನಾಲ್ಕೂ ಮನೆಯವರ ಫೋನುಗಳನ್ನು ಒಂದು ಚರ್ಮದ ಚೀಲದಲ್ಲಿ ಹಾಕಿ ನೇತುಹಾಕಿದ್ದೇವೆ. ಮೆಸೇಜು ಮಾತ್ರ ಅಲ್ಲಿಗೆ ಬರುತ್ತದೆ. ಬಂದರೆ ಸದ್ದು ಒಲೆಯ ಹತ್ತಿರ ಕೂತವರಿಗೂ ಕೇಳುತ್ತದೆ.

ಹೋದ ಗುರುವಾರ ಮಧ್ಯಾಹ್ನ ಆಲಿಕಲ್ಲು ಬಿತ್ತು. ಮೋಡ ಬೆಟ್ಟದ ಆ ಕಡೆಯಿಂದ ಬಂದದ್ದರಿಂದ ನಮಗೆ ಕಾಣಲಿಲ್ಲ. ಕುರಿಗಳು ತಗ್ಗಿನಲ್ಲಿ ಮೇಯುತ್ತಿದ್ದವು. ಹೊಳೆ ಒಮ್ಮೆಲೇ ಏರಿತು. ಮರಿಗಳು ಸಾಕಷ್ಟು ಹೋದವು. ಬಿಳಿ ಕುದುರೆಯ ಮರಿಯೂ ಹೋಯಿತು. ತಾಯಿ ಇನ್ನೂ ದಡ ಬಿಟ್ಟು ಬರುತ್ತಿಲ್ಲ.

ಹೊಳೆಯಾಚೆ ಕರಾ-ತಾಲಾದ ಜನಕ್ಕೆ ನಿನ್ನ ಕಚೇರಿಯ ಎಚ್ಚರಿಕೆಯ ಮೆಸೇಜು ಊಟದ ಹೊತ್ತಿಗೇ ಬಂದಿತ್ತಂತೆ. ಅವರು ಕುರಿಗಳನ್ನು ಎತ್ತರಕ್ಕೆ ಹೊಡೆದು, ಚಹಾ ಕುಡಿಯುತ್ತಾ ಕೂತಿದ್ದರಂತೆ. ನಮ್ಮ ಚೀಲ ಉಸಿರೆತ್ತಲಿಲ್ಲ. ಪಕ್ಕದ ಗುಡಾರದ ಕಾಲಿಚಾ ಬಂದು ಕೇಳಿದಳು: “ನಿಮ್ಮ ಸೊಸೆ ಕೆಲಸ ಮಾಡೋದು ಅದೇ ಕಚೇರೀಲಲ್ವಾ? ಅತ್ತೆ ಮೇಲೆ ಏನಾದ್ರೂ ಸಿಟ್ಟಾ ಹೇಗೆ?” ನಗುತ್ತಲೇ ಕೇಳಿದಳು. ನಾನೂ ನಕ್ಕೆ.

ನಿನ್ನನ್ನು ದೂರುತ್ತಿಲ್ಲ. ಕೇಳುತ್ತಿದ್ದೇನೆ ಅಷ್ಟೇ. ಈ ಬೇಸಿಗೆಯಾದರೂ ನೀನು ಮೇಲೆ ಬಂದು ಹಾಲು ಕರೆಯಲು ಕೈಜೋಡಿಸುತ್ತೀ ಎಂದುಕೊಂಡಿದ್ದೆ. ಕಚೇರಿಯಲ್ಲಿ ಮೆಸೇಜು ಕಳಿಸುವ ಆ ಡಬ್ಬವನ್ನು ಕಾಯುವುದಕ್ಕೆ ಉಳಿದೆ. ಕಾದದ್ದಾದರೂ ಚೆನ್ನಾಗಿ ಕಾಯಬೇಕಲ್ಲವೇ?

ನಿನ್ನ ಅತ್ತೆ,
ಬುಬುಸಾರಾ


ನಾರಿನ್
ಜೂನ್ 26

ಪ್ರೀತಿಯ ಅಪಾ,

ಕಾಗದ, ಕುಮಿಸ್ ಎರಡೂ ಬಂದವು. ಕ್ಯಾನನ್ನು ನಿಮ್ಮ ಮಗ ದಾರಿಯಲ್ಲೇ ಸ್ವಲ್ಪ ಹಗುರ ಮಾಡಿದ್ದಾನೆ. ಕಾಗದ ಮಾತ್ರ ಮಡಿಚಿದ ಹಾಗೇ ಇತ್ತು.

ಮಾವ ಮರಿಗಳ ಹಿಂದೆ ನೀರಿಗೆ ಇಳಿದದ್ದನ್ನು, ಹೊಳೆ ಅವರನ್ನು ಎಳೆದುಕೊಂಡು ಹೋದದ್ದನ್ನು, ಒಂದು ಪೊದೆ ಕೈಗೆ ಸಿಕ್ಕಿ ಉಳಿದದ್ದನ್ನು ನೀವು ಬರೆಯಲಿಲ್ಲ. ಜೋಮಾರ್ತ್ ಹೇಳಿದ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಮರುದಿನ ಬೆಳಿಗ್ಗೆಯೇ ಆ ಗುರುವಾರ ಏನಾಯಿತೆಂದು ತೆಗೆದು ನೋಡಿದೆ. ಅಪಾ, ನೀವು ಡಬ್ಬ ಅನ್ನುತ್ತೀರಿ. ಡಬ್ಬ ಬೇರೆ, ಅದರೊಳಗೆ ಸದಾ ಎದ್ದಿರುವ ಸರ್ವರ್ ಬೇರೆ. ಹವಾಮಾನದವರು ಹೇಳಿದ ಸುದ್ದಿಯನ್ನು ಅದು ತೆಗೆದುಕೊಳ್ಳುತ್ತದೆ, ಯಾವ ಹುಲ್ಲುಗಾವಲಿನ ಸುದ್ದಿ ಎಂದು ನೋಡುತ್ತದೆ, ಅಲ್ಲಿರುವವರ ಫೋನುಗಳನ್ನು ಹುಡುಕಿ ಒಂದೊಂದಕ್ಕೂ ಮೆಸೇಜು ಕಳಿಸುತ್ತದೆ. ಕಳಿಸಿದ್ದನ್ನು ಬರೆದಿಡುತ್ತದೆ. ಕೋಕ್-ದೋಬೋ ಎಂಬ ಹೆಸರಿನ ಎದುರು “ಎಲ್ಲರಿಗೂ ಕಳಿಸಲಾಗಿದೆ” ಎಂದೇ ಇದೆ.

ನಮ್ಮ ಮುಖ್ಯಸ್ಥ ತುರ್ದುಬೆಕ್ ಬೈಕೆಗೆ ತೋರಿಸಿದೆ.

“ಕಳಿಸಿದೆ ಅಂತ ಅದೇ ಹೇಳ್ತಿದೆಯಲ್ಲಮ್ಮ, ಇನ್ನೇನು? ಕಂಬಕ್ಕೆ ನೇತುಹಾಕಿದ ಫೋನು. ಕಾಗೆ ಕುಕ್ಕಿರುತ್ತೆ.”

“ನಾಲ್ಕು ಮನೆ ಫೋನನ್ನೂ ಒಂದೇ ಕಾಗೆ ಕುಕ್ತಾ, ಬೈಕೆ?”

“ಬೆಟ್ಟದ ಕಾಗೆ. ಹೊಟ್ಟೆ ದೊಡ್ಡದು.”

ಹೀಗೆ ಮಾತು ತೇಲಿಸಿದರು. ಆದರೆ ಮಧ್ಯಾಹ್ನ ಊಟ ಮಾಡಲಿಲ್ಲ, ಕಿಟಕಿಯ ಹತ್ತಿರ ನಿಂತೇ ಇದ್ದರು.

ನಾನು ಕೇಳಿದ್ದು ಒಂದೇ: ಸರ್ವರನ್ನು ಡೀಬಗ್ ಮೋಡಿನಲ್ಲಿ ಶುರು ಮಾಡಲು ಬಿಡಿ ಎಂದು. ಹಾಗೆ ಶುರು ಮಾಡಿದರೆ ನಾನು ಹೇಳಿದ ಜಾಗಕ್ಕೆ ಬಂದು ಅದು ನಿಂತುಬಿಡುತ್ತದೆ. ಆಗ ಅದರ ಕೈಯಲ್ಲಿ ಏನಿದೆ, ಏನನ್ನು ಹುಡುಕುತ್ತಿದೆ ಎಂದು ಬಿಚ್ಚಿ ನೋಡಬಹುದು. ಆಮೇಲೆ ಒಂದೊಂದೇ ಹೆಜ್ಜೆ ನಡೆಸಬಹುದು. ತೊಡಕು ಏನೆಂದರೆ, ಅದು ನಿಂತಿರುವಷ್ಟು ಹೊತ್ತು ಅದರ ಹಿಂದೆ ಬಂದ ಎಚ್ಚರಿಕೆಗಳೂ ನಿಂತಿರುತ್ತವೆ. ಬೈಕೆ ಒಪ್ಪಲಿಲ್ಲ. “ಓಡೋ ಕುದುರೇನ ನಿಲ್ಸಿ ಹಲ್ಲು ನೋಡ್ತೀನಿ ಅಂತೀಯಲ್ಲ! ಅಷ್ಟರಲ್ಲಿ ಇನ್ನೊಂದು ಕಡೆ ಮಳೆ ಬಂದ್ರೆ?”

ಹಾಗಾಗಿ ನನ್ನ ಕಂಪ್ಯೂಟರಿನಲ್ಲೇ ಸರ್ವರಿನ ಇನ್ನೊಂದು ಪ್ರತಿ ಎಬ್ಬಿಸಿದೆ. ಡೀಬಗ್ ಮೋಡಿನಲ್ಲಿ. ಆ ಗುರುವಾರದ ಸುದ್ದಿಯನ್ನೇ ಅದರ ಬಾಯಿಗೆ ಹಾಕಿದೆ. ಅದು ಜಾಣಮರಿಯ ಹಾಗೆ ನಡೆಯಿತು, ಕೋಕ್-ದೋಬೋದ ಫೋನುಗಳನ್ನೆಲ್ಲ ಹುಡುಕಿತು. ಎಷ್ಟು ಸಲ ಮಾಡಿದರೂ ಹಾಗೇ. ತಪ್ಪು ಕಂಡಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ನಿಮ್ಮ,
ಬೇಗಾಯಿಮ್


ಕೋಕ್-ದೋಬೋ
ಜುಲೈ 3

ಸೊಸೆಗೆ,

ಮುದುಕ ನೀರಿಗೆ ಇಳಿದದ್ದನ್ನು ಬರೆದಿದ್ದರೆ ಏನು ಮಾಡುತ್ತಿದ್ದೆ? ಅಲ್ಲಿ ಕೂತು ಅಳುತ್ತಿದ್ದೆ. ಈಗ ಚೆನ್ನಾಗಿದ್ದಾನೆ. ಮೊಣಕಾಲಿಗೆ ಕುರಿಕೊಬ್ಬು ಹಚ್ಚಿ ಕಟ್ಟಿದ್ದೇನೆ. ಆ ವಾಸನೆಗೆ ನಾಯಿ ಅವನ ಹಿಂದೆಯೇ ತಿರುಗುತ್ತದೆ. “ಮೂವತ್ತು ವರ್ಷದ ಮೇಲೆ ನನ್ನ ಹಿಂದೆ ಒಬ್ಬರು ಬಂದ್ರು” ಅಂತ ಎಲ್ಲರ ಮುಂದೆ ಹೇಳಿಕೊಂಡು ಓಡಾಡುತ್ತಾನೆ.

ನೀನು ಬರೆದದ್ದನ್ನು ಎರಡು ಸಲ ಓದಿದೆ. ಅರ್ಧ ತಿಳಿಯಿತು. ನಿಲ್ಲಿಸಿ ನೋಡಬೇಕು, ನಿಲ್ಲಿಸಲು ನಿಮ್ಮ ಹಿರಿಯ ಬಿಡುತ್ತಿಲ್ಲ. ಇಷ್ಟೇ ತಾನೇ? ಹಾಗಾದರೆ ಬಿಸಿಲು ಸ್ವಚ್ಛವಾಗಿರುವ ದಿನ ನಿಲ್ಲಿಸಲಿ. ಇಲ್ಲಿ ಜುಲೈ ತಿಂಗಳಲ್ಲಿ ಅಂಥ ದಿನಗಳು ಬೇಕಾದಷ್ಟಿವೆ. ನಾನು ಕಂಬದ ಹತ್ತಿರ ಕೂರುತ್ತೇನೆ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂದು ನಿನಗೆ ತಿಳಿಸುತ್ತೇನೆ. ಉಣ್ಣೆ ಬಿಡಿಸುವ ಕೆಲಸ ಎಲ್ಲಿ ಕೂತರೂ ಆಗುತ್ತದೆ.

ಚೋಂಗ್-ತೋರ್ ಹುಲ್ಲುಗಾವಲಿನಿಂದ ಒಬ್ಬ ಉಪ್ಪು ಕೇಳಿಕೊಂಡು ಬಂದಿದ್ದ. ಅವರಿಗೂ ಆ ದಿನ ಮೆಸೇಜು ಬಂದಿಲ್ಲವಂತೆ. ಕೆಳಗಿನ ಬಯಲಿನವರಿಗೆಲ್ಲ ಬಂದಿದೆ. ನಿಮ್ಮ ಬೈಕೆಯ ಕಾಗೆ ಅಲ್ಲಿಗೂ ಹಾರಿತ್ತೇನೋ ಕೇಳು.

ಒಣಗಿಸಿದ ಮೊಸರಿನ ಕುರುತ್ ಉಂಡೆ ಕಳಿಸಿದ್ದೇನೆ. ಕಚೇರಿಯಲ್ಲಿ ನೀನು ಬರೀ ಬ್ರೆಡ್ಡು, ಚಹಾದಲ್ಲೇ ದಿನ ತಳ್ಳುತ್ತೀ ಎಂದು ಜೋಮಾರ್ತ್ ಹೇಳಿದ. ಅವನು ಚಾಡಿ ಹೇಳಿದ್ದಲ್ಲ, ನಾನೇ ಕೇಳಿದೆ.

ಬುಬುಸಾರಾ


ನಾರಿನ್
ಜುಲೈ 10

ಪ್ರೀತಿಯ ಅಪಾ,

ನಿಮ್ಮ ಕಾಗದವನ್ನು ಬೈಕೆಗೆ ಓದಿ ಹೇಳಿದೆ. ಕಾಗೆಯ ಮಾತನ್ನೂ ಬಿಡಲಿಲ್ಲ. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು.

“ನಿಮ್ಮತ್ತೆ ನಿಜವಾಗ್ಲೂ ಕಂಬದ ಕೆಳಗೆ ಕೂರ್ತಾರಾ?”

“ಕೂರ್ತೀನಿ ಅಂದ್ರೆ ಕೂರ್ತಾರೆ.”

“ದಿನವೆಲ್ಲಾ?”

“ಉಣ್ಣೆ ಇದೆಯಂತೆ.”

“ಆಯ್ತಮ್ಮ. ಆದ್ರೆ ಒಂದು ಮಾತು. ಅದು ನಿಂತಿರೋವಾಗ ಎಲ್ಲಾದ್ರೂ ಮೋಡ ಅಂತ ಸುದ್ದಿ ಬಂತೋ, ನೀನು, ನಾನು, ಆ ಗುಡಿಸೋ ಅಕ್ಕ, ಎಲ್ಲಾರೂ ಫೋನ್ ಹಿಡ್ಕೊಂಡು ಒಬ್ಬೊಬ್ಬರಿಗೂ ಕೂಗಿ ಹೇಳ್ಬೇಕು. ಒಪ್ಪಿಗೇನಾ?”

ಒಪ್ಪಿದೆ. ಬರುವ ಬುಧವಾರ ಎಲ್ಲೂ ಮಳೆಯಿಲ್ಲ ಎಂದು ಹವಾಮಾನದವರು ಹೇಳಿದ್ದಾರೆ. ಬೆಳಗಿನ ಚಹಾ ಆದ ಮೇಲೆ ದಿಬ್ಬಕ್ಕೆ ಹೋಗಿ. ಬರುವ ಮೆಸೇಜಿನಲ್ಲಿ “ಇದು ಪರೀಕ್ಷೆ, ಹೆದರಬೇಡಿ” ಎಂದಿರುತ್ತದೆ. ಬಂದರೆ, ಅದಕ್ಕೆ ಒಂದೇ ಒಂದು ಮಾತಿನ ಉತ್ತರ ಒತ್ತಿ ಕಳಿಸಿ.

ಇನ್ನೊಂದು. ಚೀಲದಲ್ಲಿರುವ ನಮ್ಮ ಮನೆಯ ಫೋನು ಮಾವನ ಹೆಸರಿನಲ್ಲಿತ್ತು. ನೋಡಿಕೊಳ್ಳುವವರು ನೀವು, ಅದಕ್ಕೆ ನಿಮ್ಮ ಹೆಸರಿಗೆ ಬದಲಾಯಿಸಿದೆ. ಈ ಮನೆಗೆ ಬಂದಾಗಿನಿಂದ ಆ ಹೆಸರನ್ನು ನಾನು ಬಾಯಲ್ಲಿ ಆಡಿಲ್ಲ, ಸೊಸೆಯಾದವಳು ಆಡಬಾರದು. ಬೆರಳಿನಲ್ಲಿ ಬರೆಯಬಹುದೇ ಎಂದು ನಮ್ಮಮ್ಮನಿಗೆ ಫೋನು ಮಾಡಿ ಕೇಳಿದೆ. “ಬೆರಳಿಗೆ ನಾಲಿಗೆ ಇಲ್ವಲ್ಲ, ಬರಿ” ಅಂದಳು. ಬರೆದೆ. ಬರೆಯುವಾಗ ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡೆ.

ನಿಮ್ಮ,
ಬೇಗಾಯಿಮ್


ಕೋಕ್-ದೋಬೋ
ಜುಲೈ 16

ಸೊಸೆಗೆ,

ಬಂತು!

ಬೆಳಿಗ್ಗೆಯಿಂದ ಕಂಬದ ಕೆಳಗೆ ಕೂತಿದ್ದೆ. ಕಾಲಿಚಾ ಬಂದಳು, ಅವಳ ಗಂಡ ಬಂದ, ಆಮೇಲೆ ಮುದುಕನೂ ನಾಯಿಯೂ ಕುಂಟಿಕೊಂಡು ಬಂದರು. ಯಾರೋ ಕುಮಿಸ್ ತಂದರು, ಯಾರೋ ಹಿಟ್ಟು ನಾದಿ ಬೊರ್ಸೋಕ್ ಕರಿದು ತಂದರು. ಮದುವೆಗೆ ಸೇರಿದ ಹಾಗಾಯಿತು. ಬಿಸಿಲು ಏರಿತು. ಕಾಲಿಚಾ, “ಬರಲ್ಲ ಬಿಡಿ, ಬುಬುಸಾರಾ ಅಕ್ಕ, ಪಟ್ಟಣದವರ ಮಾತು” ಎನ್ನುತ್ತಾ ಏಳುವುದಕ್ಕೂ ಚೀಲ ಗುಂಯ್ಯೆನ್ನುವುದಕ್ಕೂ ಸರಿಹೋಯಿತು. ಎಲ್ಲ ಫೋನೂ ಒಟ್ಟಿಗೆ. ನಾಯಿ ಹೆದರಿ ಓಡಿತು.

“ಇದು ಪರೀಕ್ಷೆ, ಹೆದರಬೇಡಿ.” ಕಾಲಿಚಾಳ ಗಂಡ ಎದ್ದು ನಿಂತು ಗಟ್ಟಿಯಾಗಿ ಓದಿದ. ಯಾರೂ ಹೆದರಿರಲಿಲ್ಲ, ಆದರೂ ಎಲ್ಲರಿಗೂ ಸಮಾಧಾನವಾಯಿತು. ನಾನು “ಬಂತು” ಎಂದು ಒತ್ತಿದೆ. ಬೆರಳು ದಪ್ಪ, ಹೊತ್ತು ಹಿಡಿಯಿತು. “ನನ್ನ ಸೊಸೆ ಅದನ್ನ ನಿಲ್ಸಿ, ಒಳಗೆ ನೋಡಿ, ಮತ್ತೆ ಎಬ್ಸಿದಾಳೆ” ಎಂದು ಎಲ್ಲರಿಗೂ ಹೇಳಿದೆ. ಹೇಗೆ ಎಂದು ಕೇಳಿದರು. ಅದೆಲ್ಲ ನಿಮಗೆ ತಿಳಿಯುವುದಿಲ್ಲ ಎಂದೆ.

ಜುಲೈ 22

ಜೋಮಾರ್ತ್‌ನ ಗಾಡಿಯ ಚಕ್ರ ಕೆಟ್ಟು ಈ ವಾರ ಅವನು ತಡವಾಗಿ ಬಂದ. ಆದ್ದರಿಂದ ಮೇಲಿನದು ಹಾಗೇ ಉಳಿದಿತ್ತು. ಹರಿದು ಹಾಕೋಣ ಎಂದುಕೊಂಡೆ. ಹಾಕಲಿಲ್ಲ, ಓದು.

ನಿನ್ನೆ ಗಾಳಿ ಮಳೆ ಬಂತು. ಚೀಲ ಮತ್ತೆ ಸುಮ್ಮನಿತ್ತು. ಕುದುರೆಗಳು ಗಾಳಿಗೆ ಬೆನ್ನು ತಿರುಗಿಸಿ ನಿಂತದ್ದನ್ನು ಕಂಡು ನಾವು ಮೊದಲೇ ಎಲ್ಲ ಕಟ್ಟಿಕೊಂಡಿದ್ದೆವು. ನಮಗೇನೂ ಆಗಲಿಲ್ಲ. ಚೋಂಗ್-ತೋರ್‌ನಲ್ಲಿ ಒಂದು ಗುಡಾರ ಮಗುಚಿ ಬಿತ್ತು. ಒಳಗೆ ತೊಟ್ಟಿಲಿತ್ತು. ತೊಟ್ಟಿಲ ಮೇಲೆ ಗುಡಾರದ ಗಳ ಬೀಳಲಿಲ್ಲ, ಪಕ್ಕಕ್ಕೆ ಬಿತ್ತು. ಕರಾ-ತಾಲಾದವರಿಗೆ ಮೆಸೇಜು ಬಂದಿತ್ತು.

ನಿನ್ನನ್ನು ಹೊಗಳಿದ ಬಾಯಿ ಇನ್ನೂ ಒಣಗಿರಲಿಲ್ಲ. ಕಾಲಿಚಾ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿರುತ್ತಿತ್ತು.

ಬುಬುಸಾರಾ


ನಾರಿನ್
ಆಗಸ್ಟ್ 2

ಪ್ರೀತಿಯ ಅಪಾ,

ಸಿಕ್ಕಿತು. ಮೊದಲು ಇದನ್ನು ಬರೆದುಬಿಡುತ್ತೇನೆ, ಉಳಿದದ್ದು ಆಮೇಲೆ. ಸಿಕ್ಕಿತು, ಸರಿಯೂ ಆಯಿತು.

ನಿಮ್ಮ ಕಾಗದ ಓದಿ ಮುಗಿಸಿ ನಾನು ಕಚೇರಿಯ ಹಿಂದಿನ ನದಿಯ ದಂಡೆಗೆ ಹೋಗಿ ಕೂತೆ. ಆ ತೊಟ್ಟಿಲು ಕಣ್ಣ ಮುಂದಿನಿಂದ ಹೋಗಲಿಲ್ಲ. ಬುಧವಾರ ಬಂದ ಮೆಸೇಜು ಮುಂದಿನ ವಾರ ಬರಲಿಲ್ಲ. ನಡುವೆ ಏನಾಯಿತು? ಯೋಚಿಸಿದರೆ ಆದದ್ದು ಒಂದೇ. ಬುಧವಾರ ಓಡುತ್ತಿದ್ದ ಸರ್ವರನ್ನು ನಿಲ್ಲಿಸಿ, ಡೀಬಗ್ ಮೋಡಿನಲ್ಲಿ ಅದನ್ನು ಎಬ್ಬಿಸಿದ್ದು ನಾನು, ನನ್ನ ಕೈಯಾರೆ. ಪರೀಕ್ಷೆ ಮುಗಿದ ಮೇಲೆ ಬೈಕೆ, “ಇನ್ನು ಅದನ್ನ ಮಾಮೂಲಿನ ಹಾಗೆ ಬಿಟ್ಬಿಡಮ್ಮ” ಅಂದರು. ಮಾಮೂಲಿನ ಹಾಗೆ ಎಂದರೆ, ಯಂತ್ರಕ್ಕೆ ಕರೆಂಟು ಕೊಟ್ಟಾಗ ಅದು ತಾನೇ ಏಳುವುದು. ಇಲ್ಲಿ ಕರೆಂಟು ಹೋಗುತ್ತಾ ಬರುತ್ತಾ ಇರುತ್ತದೆ, ವರ್ಷವಿಡೀ ಅದು ಹಾಗೆಯೇ ಎದ್ದದ್ದು. ನನ್ನ ಕಂಪ್ಯೂಟರಿನಲ್ಲಿದ್ದ ಪ್ರತಿಯನ್ನೂ ನಾನೇ ಎಬ್ಬಿಸಿದ್ದೆ. ನಾನು ಎಬ್ಬಿಸಿದಾಗೆಲ್ಲ ಸರಿ, ತಾನೇ ಎದ್ದಾಗೆಲ್ಲ ತಪ್ಪು. ಇಷ್ಟು ದಿನ ನಾನು ಸರಿಯಾಗಿರುವುದನ್ನೇ ನಿಲ್ಲಿಸಿ ನೋಡುತ್ತಿದ್ದೆ.

ಓಡಿಹೋಗಿ ಬೈಕೆಗೆ ಹೇಳಿದೆ. ಈ ಸಲ ವಾದ ಮಾಡಲಿಲ್ಲ. ಆಕಾಶ ಶುಭ್ರವಾಗಿದೆಯೇ ಎಂದು ಹವಾಮಾನದವರಿಗೆ ಅವರೇ ಫೋನು ಮಾಡಿದರು. ಯಂತ್ರ ತಾನಾಗಿ ಸರ್ವರನ್ನು ಎಬ್ಬಿಸಲು ಓದುವ ಅಪ್ಪಣೆಯ ಸಾಲಿಗೇ ನಾನು ಡೀಬಗ್ ಮೋಡಿನ ಮಾತನ್ನು ಸೇರಿಸಿದೆ. ಆಮೇಲೆ ಯಾರೂ ಅದನ್ನು ಮುಟ್ಟಬಾರದು. ಬೈಕೆ ಹೋಗಿ ಗೋಡೆಯ ಸ್ವಿಚ್ಚು ಆರಿಸಿದರು. ಕೋಣೆ ಸದ್ದಿಲ್ಲದಾಯಿತು. ಮತ್ತೆ ಹಾಕಿದರು. ಸರ್ವರ್ ತಾನೇ ಎದ್ದಿತು. ನಾನು ನನ್ನ ಮೇಜಿನಿಂದ ಅದಕ್ಕೆ ಜೋಡಿಸಿಕೊಂಡು, ಫೋನು ಹುಡುಕುವ ಜಾಗದಲ್ಲಿ ನಿಲ್ಲು ಎಂದು ಗುರುತು ಇಟ್ಟೆ. ಕೋಕ್-ದೋಬೋಗೆ ಒಂದು ಮೆಸೇಜು ಬಿಟ್ಟೆ. ಬಂದು ನಿಂತಿತು.

ಒಳಗೆ ನೋಡಿದೆ. ಹವಾಮಾನದವರಿಂದ ಬಂದ ಹೆಸರು ಸರಿಯಾಗಿಯೇ ಇತ್ತು. ನಮ್ಮ ಫೋನುಗಳ ಪಟ್ಟಿಯಲ್ಲಿ ಕೋಕ್-ದೋಬೋ ಇರಬೇಕಾದ ಜಾಗದಲ್ಲಿ, ಅಪಾ, ‘ಓ’ ಬರುವ ಮೂರು ಕಡೆಯೂ ಪ್ರಶ್ನೆಯ ಚಿಹ್ನೆ! ಕ, ಪ್ರಶ್ನೆ, ಕ. ದ, ಪ್ರಶ್ನೆ, ಬ, ಪ್ರಶ್ನೆ. ಚೋಂಗ್-ತೋರ್ ಕೂಡ ಹಾಗೇ. ಕರಾ-ತಾಲಾ ಮಾತ್ರ ಕೂದಲೂ ಕೊಂಕದೆ ಕೂತಿತ್ತು.

ನೀವು ಶಾಲೆಯಲ್ಲಿ ಕಲಿತದ್ದು ನೆನಪಿರಬಹುದು, ರಷ್ಯನ್ ಅಕ್ಷರಗಳ ಜೊತೆಗೆ ನಮ್ಮ ಭಾಷೆಗೆಂದೇ ಬೇರೆ ಒಂದು ‘ಓ’, ಒಂದು ‘ಉ’, ಒಂದು ‘ಙ’ ಎಂದು ಮೂರು ಅಕ್ಷರ ಸೇರಿಸಿ ಕಲಿಸುತ್ತಿದ್ದರಲ್ಲ, ಆ ಮೂರು. ಯಂತ್ರ ತಾನಾಗಿ ಎದ್ದಾಗ ಅದಕ್ಕೆ ಬರುತ್ತಿದ್ದದ್ದು ಬರೀ ರಷ್ಯನ್ ಅಕ್ಷರಮಾಲೆ. ನಮ್ಮ ಮೂರು ಅಕ್ಷರ ಸಿಕ್ಕಲ್ಲೆಲ್ಲ ಇದೇನೋ ತಿಳಿಯದು ಎಂದು ಪ್ರಶ್ನೆಯ ಚಿಹ್ನೆ ಹಾಕಿ ಮುಂದೆ ಹೋಗುತ್ತಿತ್ತು. ನಾನು ಎಬ್ಬಿಸಿದಾಗ ನನ್ನ ಅಕ್ಷರಮಾಲೆಯನ್ನೇ ಅದು ತೆಗೆದುಕೊಳ್ಳುತ್ತಿತ್ತು. ನಾನು ಕಿರ್ಗಿಜ್ ಬರೆಯುವವಳು, ನನ್ನದರಲ್ಲಿ ಎಲ್ಲವೂ ಇದೆ.

ಎರಡು ಹೆಸರು ಒಂದೇ ಅಲ್ಲವಾದ್ದರಿಂದ ಕೋಕ್-ದೋಬೋದಲ್ಲಿ ಯಾರೂ ಇಲ್ಲ ಎಂದುಕೊಂಡಿತು. ಯಾರೂ ಇಲ್ಲದ ಮೇಲೆ ಕಳಿಸಲು ಯಾರೂ ಬಾಕಿ ಇಲ್ಲ. “ಎಲ್ಲರಿಗೂ ಕಳಿಸಲಾಗಿದೆ” ಎಂದು ಬರೆಯಿತು. ಸುಳ್ಳು ಹೇಳಿರಲಿಲ್ಲ ಪಾಪ.

ಆ ಸಾಲಿನಲ್ಲೇ ಮುಂದೆ ನಿಮ್ಮ ಹೆಸರಿತ್ತು. ಅದರಲ್ಲೂ ಎರಡು ಪ್ರಶ್ನೆ. ನೋಡಿ ನನಗೆ ನಗು ತಡೆಯಲಾಗಲಿಲ್ಲ. ನಾನು ಮನೆಯಲ್ಲಿ ಮಾಡುವುದನ್ನೇ ಅದೂ ಮಾಡಿತ್ತು. ಒಳ್ಳೆಯ ಸೊಸೆಯ ಹಾಗೆ ನಿಮ್ಮ ಹೆಸರನ್ನು ಬಾಯಿಗೆ ತಾರದೆ ನುಂಗಿಕೊಂಡಿತ್ತು.

ಬೈಕೆ ನನ್ನ ಭುಜದ ಹಿಂದಿನಿಂದ ನೋಡುತ್ತಿದ್ದರು. ಪಟ್ಟಿಯಲ್ಲಿ ಬೆರಳಿಟ್ಟು ಕೆಳಕ್ಕೆ ಬಂದು ಒಂದು ಕಡೆ ನಿಲ್ಲಿಸಿದರು. “ಇದು ಕೆಂಗ್-ಬುಲಾಕ್ ಕಣೇ. ನಾನು ಹುಟ್ಟಿದ ಜಾಗ. ನನ್ನ ತಮ್ಮ ಅಲ್ಲೇ ಇದಾನೆ.” ಕುರ್ಚಿ ಎಳೆದುಕೊಂಡು ಕೂತರು. “ಕಾಗೆ ಅಂದೆನಲ್ಲಾ” ಅಂದರು. ನಾನು ಚಹಾ ತಂದುಕೊಟ್ಟೆ.

ಸರಿಪಡಿಸಿದ್ದು ಒಂದೇ ಒಂದು ಸಾಲು. ಏಳುವಾಗಲೇ ಎಲ್ಲ ಅಕ್ಷರವನ್ನೂ ತೆಗೆದುಕೊಂಡು ಏಳು ಎಂಬ ಅಪ್ಪಣೆ. ಡೀಬಗ್ ಮೋಡಿನ ಮಾತನ್ನು ತೆಗೆದುಬಿಟ್ಟೆ. ಯಾವುದಾದರೂ ಹುಲ್ಲುಗಾವಲಿನಲ್ಲಿ ಯಾರೂ ಸಿಗದಿದ್ದರೆ ಕಳಿಸಿದೆ ಎಂದು ಬರೆಯದೆ ನಮ್ಮನ್ನು ಕೂಗಿ ಕರೆಯಬೇಕು, ಅದನ್ನೂ ಸೇರಿಸಿದೆ. ಬೈಕೆ ಮತ್ತೆ ಮತ್ತೆ ಸ್ವಿಚ್ಚು ಆರಿಸಿ ಹಾಕಿ, ತಾನಾಗಿ ಏಳಿಸಿ ನೋಡಿದರು. ಪ್ರತಿ ಸಲವೂ ಕೆಂಗ್-ಬುಲಾಕ್ ಎಂದು ಗಟ್ಟಿಯಾಗಿ ಓದಿದರು.

ಚೋಂಗ್-ತೋರ್‌ನವರಿಗೆ ಹೇಳಿ. ಆ ಮಗುವಿನ ತಾಯಿಗೆ ಏನು ಹೇಳಬೇಕೋ ನನಗೆ ತಿಳಿಯದು. ನಿಮಗೆ ತಿಳಿದದ್ದನ್ನು ಹೇಳಿ.

ನಿಮ್ಮ,
ಬೇಗಾಯಿಮ್


ಕೋಕ್-ದೋಬೋ
ಆಗಸ್ಟ್ 27

ಬೇಗಾಯಿಮ್,

ಮೂರು ವಾರ ಬರೆಯಲಿಲ್ಲ. ಹಾಲು ಕರೆಯಬೇಕಾದ ಕುದುರೆ ಹೆಚ್ಚು, ಕೈ ಎರಡು. ನಿನ್ನ ಕಾಗದವನ್ನು ಮಾತ್ರ ಚೋಂಗ್-ತೋರ್‌ಗೆ ನಾನೇ ಕುದುರೆ ಮೇಲೆ ಒಯ್ದು ಓದಿ ಹೇಳಿದೆ. ಆ ತಾಯಿ ಹುಡುಗಿ, ನಿನ್ನದೇ ವಯಸ್ಸು. ಕೇಳಿ ಮುಗಿಸಿ, “ಅಕ್ಷರಕ್ಕೇನಾ ಇಷ್ಟೆಲ್ಲಾ ಆದದ್ದು?” ಅಂದಳು. ಹೌದಮ್ಮ ಅಂದೆ. ಮಗುವನ್ನು ನನ್ನ ಮಡಿಲಿಗೆ ಹಾಕಿ ಚಹಾ ಮಾಡಲು ಎದ್ದಳು. ಮಗು ದಪ್ಪಗಿದೆ, ನನ್ನ ಓಲೆ ಹಿಡಿದು ಜಗ್ಗಿತು.

ಈಗ ಸುದ್ದಿ. ಹೋದ ಶನಿವಾರ ಹಿಮ ಬಿತ್ತು. ಆಗಸ್ಟಿನಲ್ಲಿ! ಬೆಳಿಗ್ಗೆ ಆಕಾಶ ತೊಳೆದ ಬಟ್ಟಲಿನ ಹಾಗಿತ್ತು. ಕುದುರೆಗಳೂ ಏನೂ ಹೇಳಲಿಲ್ಲ. ಕುರಿಗಳು ಬೆಟ್ಟದ ಬೆನ್ನಿನ ಆ ಕಡೆ ಇದ್ದವು. ಊಟಕ್ಕೆ ಮುಂಚೆ ಚೀಲ ಸದ್ದು ಮಾಡಿತು. ಕಾಲಿಚಾ ನನಗಿಂತ ಮೊದಲು ದಿಬ್ಬ ಹತ್ತಿದಳು. “ಸಂಜೆಗೆ ಭಾರಿ ಹಿಮ. ಮಂದೆಗಳನ್ನು ಕೆಳಗಿಳಿಸಿ.” ಮುದುಕ ಆಕಾಶ ನೋಡಿ, “ಇದೇನು, ಬಿಸಿಲಿಗೆ ಹಿಮ ಅಂತಾರೆ” ಎಂದ. ನಾನು ಹೇಳಿದೆ: “ಆಕಾಶ ನಿಂಗೆ ಸೊಸೆನಾ? ಸೊಸೆ ಹೇಳಿದ್ದನ್ನ ಕೇಳು, ಎದ್ದೇಳು.”

ಎದ್ದ. ಎಲ್ಲರೂ ಎದ್ದರು. ಕುರಿಗಳನ್ನು ಹೊಳೆ ದಾಟಿಸಿ ಬಂಡೆಯ ಮರೆಗೆ ತರುವಷ್ಟರಲ್ಲಿ ಹಿಮ ಶುರುವಾಯಿತು. ಬೆಳಗಾದಾಗ ಮೊಣಕಾಲುದ್ದ. ಮೇಲೆ ಬಿಟ್ಟಿದ್ದರೆ ಒಂದೂ ಉಳಿಯುತ್ತಿರಲಿಲ್ಲ. ಒಂದೂ ಹೋಗಲಿಲ್ಲ. ಬಿಳಿ ಕುದುರೆ ಗುಡಾರದ ಬಾಗಿಲಿಗೇ ಬಂದು ನಿಂತಿತ್ತು. ಈಗ ದಡಕ್ಕೆ ಹೋಗುವುದಿಲ್ಲ.

ನನ್ನ ಹೆಸರನ್ನು ಪರದೆಯ ಮೇಲೆ ಪೂರ್ತಿ ಬರೆದೆಯಲ್ಲ. ಕೆಲಸಕ್ಕೆ ಬೇಕಾದಾಗ ಬಾಯಲ್ಲೂ ಹೇಳು. ಮುದುಕನ ಎದುರು ಮಾತ್ರ ಬೇಡ, ಅವನು ಹಳೆಯ ಕಾಲದವನು.

ಒಂದು ದೂರು ಇದೆ. ಚೀಲ ಸುಮ್ಮನಿದ್ದರೆ ನನಗೀಗ ನೆಮ್ಮದಿಯಿಲ್ಲ. ಆಕಾಶ ಚೆನ್ನಾಗಿರುವುದಕ್ಕೆ ಸುಮ್ಮನಿದೆಯೋ, ಅದು ಮತ್ತೆ ಅಕ್ಷರ ಮರೆತು ಸುಮ್ಮನಿದೆಯೋ? ಹಾಲು ಕರೆಯುವಾಗಲೂ ಕಿವಿ ಆ ಕಡೆಯೇ.

ಬುಬುಸಾರಾ


ನಾರಿನ್
ಸೆಪ್ಟೆಂಬರ್ 3

ಪ್ರೀತಿಯ ಅಪಾ,

ನಿಮ್ಮ ದೂರನ್ನು ಬೈಕೆಗೆ ಹೇಳಿದೆ. ಇಬ್ಬರೂ ಕೂತು ಒಂದು ದಾರಿ ಮಾಡಿದ್ದೇವೆ. ಸೋಮವಾರದಿಂದ ದಿನಾ ಬೆಳಿಗ್ಗೆ ಎಲ್ಲ ಹುಲ್ಲುಗಾವಲಿಗೂ ಒಂದು ಮೆಸೇಜು ಬರುತ್ತದೆ, ಏನೂ ಇಲ್ಲದಿದ್ದರೂ. ಅದು ಬಂದರೆ ದಾರಿ ಸರಿಯಿದೆ ಎಂದು ತಿಳಿಯಿರಿ. ಬಾರದಿದ್ದ ದಿನ ಆಕಾಶ ನಂಬಬೇಡಿ, ಜೋಮಾರ್ತ್‌ನ ಕೈಯಲ್ಲಿ ನಮ್ಮನ್ನು ಬೈದು ಕಳಿಸಿ. ಅದರಲ್ಲಿ ಏನು ಬರೆಯಬೇಕೆಂದು ಬೈಕೆ ಕೇಳಿದರು. ಅದನ್ನು ನನಗೆ ಬಿಡಿ ಎಂದೆ.

ಇಲ್ಲಿಂದ ಒಂದು ವಾರದ ರಜೆ ಸಿಕ್ಕಿದೆ. ತಿಂಗಳ ಮಧ್ಯದಲ್ಲಿ ಜೋಮಾರ್ತ್‌ನ ಗಾಡಿಯಲ್ಲೇ ಬಂದು, ಗುಡಾರ ಇಳಿಸುವವರೆಗೆ ಇರುತ್ತೇನೆ. ಹಾಲು ಕರೆಯಲು ನನಗೆ ಬರುವುದಿಲ್ಲ, ನೀವೇ ಕಲಿಸಬೇಕು. ಮದುವೆಯಾದ ವರ್ಷ ನಾನು ಹೊಗೆಗೆ ಕೆಮ್ಮಿ ಹೊರಗೆ ಹೋಗಿ ನಿಲ್ಲುತ್ತಿದ್ದೆ. ನಿಮಗೆ ಅದು ಬೇರೆಯಾಗಿ ಕಂಡಿರಬಹುದು. ಬರೀ ಕೆಮ್ಮು ಅಪಾ, ಬೇರೇನೂ ಇರಲಿಲ್ಲ.

ನಿಮ್ಮ,
ಬೇಗಾಯಿಮ್


ಕೋಕ್-ದೋಬೋ
ಸೆಪ್ಟೆಂಬರ್ 8

ಬೇಗಾಯಿಮ್,

ಬಾ. ಸೌದೆ ಒಣಗಿಸಿ ಇಟ್ಟಿದ್ದೇನೆ, ಹೊಗೆ ಕಡಿಮೆ ಬರುತ್ತದೆ. ದಪ್ಪ ಕೋಟು ತಾ, ಪಟ್ಟಣದ್ದು ಸಾಲದು.

ಇವತ್ತು ಬೆಳಿಗ್ಗೆ ಹಾಲು ಕರೆಯುತ್ತಿದ್ದಾಗ ಚೀಲ ಸದ್ದು ಮಾಡಿತು. ಕೊಡ ಅಲ್ಲೇ ಇಟ್ಟು ದಿಬ್ಬ ಹತ್ತಿದೆ. ಮಂಜು ಕರಗುತ್ತಿತ್ತು. ಕನ್ನಡಕ ಹಾಕಿಕೊಂಡು ಓದಿದೆ: “ಕೋಕ್-ದೋಬೋ. ಆಕಾಶ ಶುಭ್ರ. ಇವತ್ತು ಏನೂ ಮಾಡಬೇಕಾಗಿಲ್ಲ. ಚಹಾ ಕುಡಿಯಿರಿ.”

ಇಳಿದು ಬಂದೆ. ಮುದುಕ ಬಾಗಿಲಲ್ಲಿ ನಿಂತಿದ್ದ.

“ಏನಂತೆ?”

“ಏನೂ ಇಲ್ವಂತೆ.”

“ಏನೂ ಇಲ್ದೇ ಇದ್ರೆ ನೀನ್ಯಾಕೆ ನಗ್ತಿದೀಯ?”

ನಾನು ಚಹಾಕ್ಕೆ ನೀರಿಟ್ಟೆ.

ನಿನ್ನ ದಾರಿ ಕಾಯುತ್ತಿರುವ,
ಬುಬುಸಾರಾ